ಎಪ್ಪತ್ತು ರೂಪಾಯಿಯ ಗುತ್ತಿಗೆ

ಪುರಸಭೆಗೆ ನಲವತ್ತು ಮಂದಿ ಲೋಡರ್, ಚಾಲಕ, ನೀರುಗಂಟಿಗಳನ್ನು ಒದಗಿಸುವ ಹೊರಗುತ್ತಿಗೆ ಟೆಂಡರ್. ದರ ನಮೂದಿಸಿದ ಆರ್ಥಿಕ ಬಿಡ್ ತೆರೆದಾಗ ಒಂದು ಏಜೆನ್ಸಿ ತನ್ನ ಪಾಲಿಗೆ ಕೇಳಿದ ಸೇವಾ ಶುಲ್ಕ ಶೇ 0.01. ಸಭಾಂಗಣದಲ್ಲಿ ಸಂತೋಷ. ಲೆಕ್ಕಪತ್ರ ನೋಡಿಯೇ ತಲೆ ನರೆಸಿಕೊಂಡ ನನಗೆ ಮಾತ್ರ ಅನುಮಾನ.

ಇಂಥ ಟೆಂಡರಿನಲ್ಲಿ ಕನಿಷ್ಠ ವೇತನ, ಭವಿಷ್ಯನಿಧಿ (ಪಿಎಫ್), ಕಾರ್ಮಿಕರ ಆರೋಗ್ಯ ವಿಮೆ (ಇಎಸ್‌ಐ) ಇವನ್ನು ಯಾರೂ ಇಳಿಸುವಂತಿಲ್ಲ. ಪೈಪೋಟಿಗೆ ಉಳಿಯುವುದು ಸೇವಾ ಶುಲ್ಕವೊಂದೇ. ಲೆಕ್ಕ ಸುಲಭವಾಗಲೆಂದು ತಲಾ ವೇತನ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್, ಅದರ ಜತೆಗಿನ ವಿಮೆ, ಆಡಳಿತ ಶುಲ್ಕವೂ ಸೇರಿ ಶೇ 13, ಇಎಸ್‌ಐ ಶೇ 3.25. ಅಲ್ಲಿಗೆ ತಲಾ 17,437.50, ನಲವತ್ತು ಜನರಿಗೆ 6,97,500. ಅದರ ಶೇ 0.01 ಅಂದರೆ ತಿಂಗಳಿಗೆ ಎಪ್ಪತ್ತು ರೂಪಾಯಿಯೂ ಆಗದು. ಆ ದುಡ್ಡಿನಲ್ಲಿ ಮೇಲ್ವಿಚಾರಕನಿಗೆ ಚಹಾ ಕುಡಿಸಬಹುದು, ಸಂಬಳ ಕೊಡಲಾಗದು.

ಹಾಗಾದರೆ ಏಜೆನ್ಸಿ ಬದುಕುವುದು ಹೇಗೆ? ಕಾರ್ಮಿಕರ ಸಂಬಳದಿಂದಲೂ ಪಿಎಫ್‌ಗೆ ಶೇ 12, ಇಎಸ್‌ಐಗೆ ಶೇ 0.75 ಕಡಿತವಾಗುತ್ತದೆ. ಎರಡೂ ಪಾಲು ಸೇರಿದರೆ ತಲೆಗೆ 4,350 ರೂಪಾಯಿ, ನಲವತ್ತು ಜನರಿಗೆ 1,74,000. ಪ್ರತಿ ತಿಂಗಳೂ ಅಷ್ಟು ಹಣ ಏಜೆನ್ಸಿಯ ಕೈ ಹಾದು ಹೋಗುತ್ತದೆ. ಎಪ್ಪತ್ತು ರೂಪಾಯಿಗೆ ಒಪ್ಪಿಕೊಂಡವರ ಕಣ್ಣು ಎಲ್ಲಿರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಒಮ್ಮೆ ಒಂದು ಊರಿನ ಬಿಲ್ ನೋಡುತ್ತಿದ್ದೆ. ಪಿಎಫ್ ಹಣ ಕಟ್ಟಿದ ಚಲನ್ ಲಗತ್ತಿಸಿತ್ತು, ಮೊಹರೂ ಬಿದ್ದಿತ್ತು. ಜತೆಗಿರಬೇಕಿದ್ದ ಹೆಸರುಪಟ್ಟಿ ಇರಲಿಲ್ಲ. ತರಿಸಿ, ಹಾಜರಾತಿ ವಹಿಯ ಪಕ್ಕ ಇಟ್ಟರೆ ಒಂದು ಹೆಸರೂ ತಾಳೆಯಾಗಲಿಲ್ಲ. ಅದೇ ಗುತ್ತಿಗೆದಾರ ಇನ್ನೊಂದು ಊರಿನಲ್ಲಿಟ್ಟಿದ್ದ ಜನರ ಚಲನ್ ಅದು. ನೆರಳಚ್ಚು ಪ್ರತಿ ಎರಡೂ ಕಚೇರಿಯಲ್ಲಿ ಪಾಸಾಗುತ್ತಿತ್ತು. ಗುಮಾಸ್ತರನ್ನು ಕೇಳಿದರೆ, ‘ಚಲನ್ ಇದೆಯಲ್ಲ ಸಾರ್’ ಎಂದರು.

ಸರ್ಕಾರಿ ಖರೀದಿ, ಗುತ್ತಿಗೆಗಳಲ್ಲಿ ಪಾರದರ್ಶಕತೆಗೆಂದು ಕರ್ನಾಟಕ ತಂದ ಕೆಟಿಪಿಪಿ ಕಾಯ್ದೆ 1999ರದ್ದು. ಟೆಂಡರ್ ಕರೆಯುವುದು, ಅರ್ಹತೆ ತೋರಿಸುವ ತಾಂತ್ರಿಕ ಲಕೋಟೆ ಮೊದಲು, ಆರ್ಥಿಕ ಲಕೋಟೆ ಆಮೇಲೆ, ಇವೆಲ್ಲ ನಮ್ಮ ಕಚೇರಿಗಳಿಗೆ ಈಗ ಕರಗತ. ಕಾರ್ಯಾದೇಶ ಕೊಟ್ಟ ಮೇಲೆ ಮಾತ್ರ ಕಡತಕ್ಕೆ ನಿದ್ದೆ. ಅವಧಿ ಮುಗಿದಾಗಲೂ ‘ಮುಂದಿನ ಟೆಂಡರ್ ಆಗುವವರೆಗೆ ಮುಂದುವರಿಸಿ’ ಎಂಬ ಟಿಪ್ಪಣಿ ಬೀಳುತ್ತದೆ. ಮಾರ್ಚ್‌ಗೆ ಮುಗಿಯುವ ಗುತ್ತಿಗೆಗೆ ಡಿಸೆಂಬರ್‌ನಲ್ಲೇ ಕಡತ ಎದ್ದರೆ ಆ ಟಿಪ್ಪಣಿ ಬೇಕಾಗುವುದಿಲ್ಲ.

ಗುತ್ತಿಗೆದಾರ ಕೂಲಿ ಬಾಕಿ ಉಳಿಸಿದರೆ ಅದನ್ನು ತೆರಬೇಕಾದದ್ದು ಮೂಲ ಉದ್ಯೋಗದಾತ, ಅಂದರೆ ಪುರಸಭೆ. ಆಮೇಲೆ ಗುತ್ತಿಗೆದಾರನ ಬಿಲ್ಲಿನಿಂದ ವಸೂಲು ಮಾಡಿಕೊಳ್ಳಬೇಕು. ಉಳಿತಾಯವೆಂದು ಚಪ್ಪಾಳೆ ತಟ್ಟುವಾಗ ಇದು ಯಾರಿಗೂ ನೆನಪಾಗುವುದಿಲ್ಲ. ಟೆಂಡರ್ ಷರತ್ತಿನಲ್ಲೇ ಕನಿಷ್ಠ ಸೇವಾ ಶುಲ್ಕ ನಿಗದಿ ಮಾಡಿ, ಅನುಭವ ನೋಡಿ ಆರಿಸಿ ಎಂಬುದು ನನ್ನ ಸಲಹೆ. ದುಬಾರಿ ಎನ್ನುವವರಿದ್ದಾರೆ, ಇರಲಿ.

ಬಿಲ್ ತಪಾಸಣೆಗೆ ಹೋದಾಗ ಈಗ ಕಡತ ಬಿಚ್ಚುವ ಮೊದಲು ಕಸದ ಆಟೊ ನಿಲ್ಲುವ ಅಂಗಳಕ್ಕೆ ಹೋಗುತ್ತೇನೆ. ‘ಪಿಎಫ್ ಮೆಸೇಜ್ ಬಂದಿದೆಯೇನಪ್ಪಾ?’ ಎಂದು ಲೋಡರ್‌ಗಳನ್ನು ಕೇಳಿದರೆ ಮೊಬೈಲ್ ತೆಗೆದು ತೋರಿಸುತ್ತಾರೆ. ಕೆಲವರು, ‘ಯಾವ ಮೆಸೇಜ್?’ ಎನ್ನುತ್ತಾರೆ.