ಉಳಿದ ಮಾಲು ಯಾರ ತಲೆಗೆ?

ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಈಗಷ್ಟೇ ಕಾಲೇಜು ಮುಗಿಸಿದವರ ಬಟ್ಟೆ ಬ್ರ್ಯಾಂಡುಗಳು ಸಾಲುಸಾಲಾಗಿ ಬರುತ್ತವೆ. ಒಬ್ಬರದು ಓವರ್‌ಸೈಜ್ ಟೀ ಶರ್ಟ್, ಇನ್ನೊಬ್ಬರದು ಖಣದ ಕುರ್ತಾ. ಡಿಸೈನ್ ಚೆನ್ನಾಗೇ ಇರುತ್ತದೆ. ಆದರೂ ಎಷ್ಟೋ ಪೇಜುಗಳು ಬೇಗನೆ ತಣ್ಣಗಾಗುತ್ತವೆ. ಮುಖ್ಯ ತಲೆನೋವು ಡಿಸೈನ್ ಅಲ್ಲ, ಮಾರಾಟವಾಗದೆ ಉಳಿದ ಮಾಲು.

ಹಳೆಯ ಟೈಲರ್‌ಗೆ ಈ ಚಿಂತೆ ಇರಲಿಲ್ಲ. ಬಟ್ಟೆ ಗಿರಾಕಿಯದು, ಅಳತೆಯೂ ಗಿರಾಕಿಯದೇ. ಹಬ್ಬಕ್ಕೆ ಹೊಲಿದು ಕೊಡದಿದ್ದರೆ ಬೈಸಿಕೊಳ್ಳುತ್ತಿದ್ದ, ಅಷ್ಟೇ. ರೆಡಿಮೇಡ್ ಬಂದಾಗ ಲೆಕ್ಕ ಉಲ್ಟಾ ಆಯಿತು. ಯಾರು ಕೊಳ್ಳುತ್ತಾರೋ ಗೊತ್ತಿಲ್ಲ, ಮೊದಲೇ ಹೊಲಿದಿಡಬೇಕು.

ಸಿದ್ಧ ಉಡುಪು ನಮ್ಮಲ್ಲಿ ಬಹಳ ಕಾಲ ಸಣ್ಣ ಕೈಗಾರಿಕೆಗೆ ಮೀಸಲಾಗಿತ್ತು. 2000ದ ಜವಳಿ ನೀತಿ ಆ ಮೀಸಲನ್ನು ಸಡಿಲಿಸಿತು, 2005ರಲ್ಲಿ ರಫ್ತಿನ ಮೇಲಿದ್ದ ಅಂತರರಾಷ್ಟ್ರೀಯ ಕೋಟಾವೂ ಹೋಯಿತು. ದೊಡ್ಡ ಗಾರ್ಮೆಂಟ್ಸ್‌ಗಳಿಗೆ ದಾರಿ ಸಲೀಸಾಯಿತು. ಫ್ಯಾಷನ್ ಓದಿದವರಿಗೆ ಏನು ಸಿಕ್ಕಿತು? ಫ್ಯಾಷನ್ ಕಲಿಸುವ ಸರ್ಕಾರಿ ಸಂಸ್ಥೆ ನಿಫ್ಟ್ ದೆಹಲಿಯಲ್ಲಿ ಶುರುವಾದದ್ದು 1986ರಲ್ಲಿ. ಆದರೆ ಓದು ಮುಗಿಸಿದ ಹೆಚ್ಚಿನವರ ಮುಂದೆ ಇದ್ದದ್ದು ಎರಡೇ ದಾರಿ: ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ, ಇಲ್ಲವೇ ಮನೆಯವರ ದುಡ್ಡಲ್ಲಿ ಬೊಟಿಕ್. ಬೊಟಿಕ್ ಅಂದರೆ ಅಡ್ವಾನ್ಸು, ಬಾಡಿಗೆ, ಜೊತೆಗೆ ರ‍್ಯಾಕ್ ತುಂಬಾ ಸ್ಟಾಕು.

ಆಮೇಲೆ ಆನ್‌ಲೈನ್ ತಾಣಗಳು ಬಂದವು. 2007ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಮಿಂತ್ರಾ ಮೊದಲು ಮಾರುತ್ತಿದ್ದದ್ದು ಹೆಸರು, ಚಿತ್ರ ಅಚ್ಚು ಹಾಕಿಸಿಕೊಡುವ ಉಡುಗೊರೆಗಳನ್ನು. ಬ್ರ್ಯಾಂಡೆಡ್ ಬಟ್ಟೆಗೆ ಅದು ತಿರುಗಿದ್ದು ನಂತರ. 2015ರಲ್ಲಿ ಇದೇ ಊರಲ್ಲಿ ಬಂದ ಮೀಶೋ ಇನ್ನೊಂದು ಗೇಟು ತೆರೆಯಿತು. ಮನೆಯಲ್ಲಿದ್ದ ಹೆಂಗಸರು ಸೀರೆಯ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, ಆರ್ಡರ್ ಬಂದರೆ ಮಾತ್ರ ತರಿಸಿಕೊಡುತ್ತಿದ್ದರು. ಕೈಯಲ್ಲಿ ಒಂದು ಪೀಸೂ ಇಟ್ಟುಕೊಳ್ಳಬೇಕಿರಲಿಲ್ಲ. 2016ರಲ್ಲಿ ಜಿಯೋ ಮತ್ತು ಯುಪಿಐ ಎರಡೂ ಬಂದವು. ಅಂಗಡಿಯೇ ಇಲ್ಲದವರೂ ಅಂಗಡಿಯವರಾದರು.

ಸ್ವಂತ ಬ್ರ್ಯಾಂಡ್ ಅಂದಕೂಡಲೇ ಮಾತ್ರ ಸ್ಟಾಕು ಮತ್ತೆ ಬಂದು ಕೂರುತ್ತದೆ. ಸುಮ್ನೆ ಲೆಕ್ಕ ಹಾಕಿ. ಒಂದೇ ಡಿಸೈನಿನ ಟೀ ಶರ್ಟ್, ಐದು ಸೈಜು, ಮೂರು ಬಣ್ಣ, ಒಂದೊಂದಕ್ಕೆ ಹತ್ತು ಪೀಸು. ಅಲ್ಲಿಗೆ 150 ಪೀಸು. ತಲಾ 250 ರೂಪಾಯಿ ಖರ್ಚು ಅಂದರೂ 37,500 ರೂಪಾಯಿ ಮೂಲೆ ಸೇರಿತು. ಮೀಡಿಯಂ, ಲಾರ್ಜ್ ಖಾಲಿಯಾಗಿ ಉಳಿದ ಸೈಜು ಹಾಗೇ ಕೂತರೆ ಅದೇ ಡೆಡ್ ಸ್ಟಾಕ್. ಸೈಜಿನ ಕಥೆಯೂ ಅಷ್ಟೇ, ಒಂದು ಕಡೆಯ ಲಾರ್ಜ್ ಇನ್ನೊಂದು ಕಡೆ ಮೀಡಿಯಂ. ಭಾರತೀಯರ ಮೈಯಳತೆಗೆ ತಕ್ಕ ಸೈಜ್ ಚಾರ್ಟ್ ಬೇಕು ಅಂತ ನಿಫ್ಟ್ ಆರು ನಗರಗಳಲ್ಲಿ ಸಮೀಕ್ಷೆ ಕೈಗೊಂಡದ್ದು ಇದಕ್ಕೇ. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲ ತನಕ ಹೋದ ಪಾರ್ಸೆಲ್ 'ಬೇಡ' ಅನಿಸಿಕೊಂಡು ವಾಪಸ್ ಬಂದರೆ ಎರಡೂ ಕಡೆಯ ಕೊರಿಯರ್ ಖರ್ಚು ಮಾರಿದವರಿಗೇ.

ತೆರಿಗೆಯ ಬಾಗಿಲು ತಡವಾಗಿ ಸ್ವಲ್ಪ ತೆರೆಯಿತು. ವಹಿವಾಟು ಎಷ್ಟೇ ಸಣ್ಣದಿರಲಿ, ಆನ್‌ಲೈನ್ ಮಾರುಕಟ್ಟೆ ತಾಣದಲ್ಲಿ ಮಾರಲು ಜಿಎಸ್‌ಟಿ ನೋಂದಣಿ ಬೇಕೇ ಬೇಕಿತ್ತು. 2023ರ ಅಕ್ಟೋಬರ್‌ನಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ವಿನಾಯಿತಿ ಸಿಕ್ಕಿತು. 2025ರ ಸೆಪ್ಟೆಂಬರ್‌ನಲ್ಲಿ 2,500 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 18 ಆಯಿತು. ಕೈಕೆಲಸದ ದುಬಾರಿ ಉಡುಪು ಮಾರುವವರಿಗೆ ಇದು ಏಟೇ, ಅಲ್ವಾ?

ಇಷ್ಟೆಲ್ಲ ನೋಡಿದ ಹೊಸಬರು ಈಗ 'ಆರ್ಡರ್ ಮಾಡಿ, ಹತ್ತು ದಿನ ಕಾಯಿರಿ' ಅನ್ನುತ್ತಾರೆ. ಹಳೆಯ ಟೈಲರ್ ಲೆಕ್ಕವೇ ಮೊಬೈಲ್‌ಗೆ ಬಂದಿದೆ, ನನಗಂತೂ ಇದೇ ಸರಿ ಅನಿಸುತ್ತದೆ. ಆದರೆ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣದಲ್ಲಿ ಇದು ಅಷ್ಟು ಸುಲಭ ಅಲ್ಲ. ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ, ಅಗಲ ಕಮ್ಮಿ. ಕುರ್ತಾ ಮಾಡಲು ಜೋಡಣೆ ಹಾಕಬೇಕು, ಇಲ್ಲವೇ ಎದೆಗೆ, ತೋಳಿಗೆ ಮಾತ್ರ ಖಣ ಇಟ್ಟು ಉಳಿದದ್ದಕ್ಕೆ ಹತ್ತಿ ಬಟ್ಟೆ. ಮೇಲಾಗಿ ಮಗ್ಗಕ್ಕೆ ಒಮ್ಮೆ ಹಾಸು, ಅಂದರೆ ಉದ್ದದ ನೂಲು, ಏರಿದರೆ ಒಂದೇ ಪೀಸು ನೇಯ್ದು ನಿಲ್ಲಿಸಲು ಆಗಲ್ಲ, ಹಾಸು ಮುಗಿಯುವ ತನಕ ನೇಯಲೇಬೇಕು. ಆರ್ಡರ್ ಬಾರದಿದ್ದರೆ ಆ ಬಟ್ಟೆ ನೇಕಾರರ ಮನೆಯಲ್ಲೇ ಉಳಿಯುತ್ತದೆ. ಅದಕ್ಕೇ ಒಂದೇ ಹಾಸಿನಲ್ಲಿ ಹೊಕ್ಕಿನ (ಅಡ್ಡ ಹಾಯುವ) ನೂಲು ಮಾತ್ರ ಬದಲಿಸಿ ಬೇರೆ ಬೇರೆ ಬಣ್ಣ ನೇಯಿಸಿ, ಅಷ್ಟನ್ನೂ ಮೊದಲೇ ದುಡ್ಡು ಕೊಟ್ಟು ಎತ್ತಿಕೊಳ್ಳುವವರ ಮಾತಿಗೆ ನೇಕಾರರಲ್ಲಿ ಬೆಲೆ ಜಾಸ್ತಿ.