ಜಪ್ತಿ ಆದ ಆಸ್ತಿ ಕೊನೆಗೆ ಯಾರಿಗೆ? ಬಿಎನ್‌ಎಸ್‌ಎಸ್ 106 ಮತ್ತು 107

ಬಿಎನ್‌ಎಸ್‌ಎಸ್ ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ ಈ ಎರಡು ಕಲಂಗಳನ್ನು ಸುಮ್ನೆ ಉರು ಹೊಡೆದರೆ ತಲೆಗೆ ಹತ್ತುವುದಿಲ್ಲ. ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಕಲಬುರಗಿ ಗಂಜ್‌ನ ಒಬ್ಬ ವ್ಯಾಪಾರಿ ಆಳಂದ, ಚಿತ್ತಾಪುರ ಕಡೆಯ ರೈತರಿಂದ ತೊಗರಿ ಕೊಳ್ಳುತ್ತಾನೆ. ‘ಎಂಟು ದಿನದಾಗ ರೊಕ್ಕ ಕೊಡ್ತೀನಿ’ ಅಂತಾನೆ. ಕೊಡುವ ಮನಸ್ಸು ಮೊದಲಿನಿಂದಲೂ ಇಲ್ಲ, ಹಾಗಾಗಿ ಇದು ಬರೀ ಸಾಲ ಅಲ್ಲ, ವಂಚನೆ. ತೊಗರಿ ಮಾರಿ ಕಾರು ಕೊಂಡ, ಸೇಡಂ ರಸ್ತೆಯಲ್ಲಿ ಪ್ಲಾಟ್ ಮಾಡಿದ. ಉಳಿದ ಹಣ ಬ್ಯಾಂಕ್ ಖಾತೆಯಲ್ಲಿದೆ.

ಪೊಲೀಸರು ಮೊದಲು ಬಳಸುವುದು 106. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಇದು ಕಲಂ 102 ಆಗಿತ್ತು. ಪಂಚನಾಮೆ ಬರೆದು ಕಾರು ಜಪ್ತಿ ಮಾಡಬಹುದು, ಖಾತೆಯನ್ನೂ ತಡೆಹಿಡಿಯಬಹುದು. ಪ್ಲಾಟ್ ಮಾತ್ರ ಆಗಲ್ಲ. 102ರಡಿ ಸ್ಥಿರಾಸ್ತಿ ಜಪ್ತಿ ಮಾಡುವ ಅಧಿಕಾರ ಪೊಲೀಸರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ನೆವಾಡಾ ಪ್ರಾಪರ್ಟೀಸ್ ತೀರ್ಪಿನಲ್ಲಿ ಹೇಳಿದೆ. ಇನ್ನೊಂದು ಮಾತು: ಕಾರು ಠಾಣೆಯ ಅಂಗಳದಲ್ಲಿ ನಿಂತಿದ್ದರೂ ಆರ್‌ಸಿಯಲ್ಲಿ ಇರುವುದು ವ್ಯಾಪಾರಿಯ ಹೆಸರೇ. ಜಪ್ತಿಯಿಂದ ಮಾಲೀಕ ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಹೋಗುವುದು ಇಲ್ಲೇ.

ಈಗ 107. ಇದು 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಲಂ. ಅಪರಾಧದಿಂದ ಬಂದ ಆಸ್ತಿ ಅನ್ನಿಸಿದರೆ ಅದನ್ನು ಜಪ್ತಿ ಮಾಡಿಸಲು ತನಿಖಾಧಿಕಾರಿ ಕೋರ್ಟಿಗೆ ಅರ್ಜಿ ಹಾಕಬಹುದು. ಅದಕ್ಕೆ ಮೇಲಧಿಕಾರಿಯ ಒಪ್ಪಿಗೆ ಬೇಕು: ಕಲಬುರಗಿ ನಗರದಲ್ಲಿ ಪೊಲೀಸ್ ಕಮಿಷನರ್, ಉಳಿದ ತಾಲೂಕುಗಳಲ್ಲಿ ಎಸ್‌ಪಿ. ಕೋರ್ಟ್ ವ್ಯಾಪಾರಿಗೆ ನೋಟಿಸ್ ಕೊಟ್ಟು 14 ದಿನದೊಳಗೆ ಉತ್ತರ ಕೇಳುತ್ತದೆ. ನೋಟಿಸ್ ಕೊಟ್ಟರೆ ಆಸ್ತಿ ಕೈ ತಪ್ಪುತ್ತದೆ ಅನ್ನುವಂತಿದ್ದರೆ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ಪ್ಲಾಟ್ ಸಿಕ್ಕಿಬೀಳುವುದು ಇಲ್ಲಿ.

ನನಗೆ ತುಂಬಾ ಮುಖ್ಯ ಅನ್ನಿಸುವುದು ಇದರ ಮುಂದಿನ ಹಂತ. ಇದು ಅಪರಾಧದ ಗಳಿಕೆಯೇ ಎಂದು ಕೋರ್ಟಿಗೆ ಖಚಿತವಾದರೆ ಹಂಚುವ ಕೆಲಸ ಜಿಲ್ಲಾಧಿಕಾರಿಯದು, ಅವಧಿ 60 ದಿನ. ನಷ್ಟದ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು. ರೈತರಿಗೆ ಒಟ್ಟು 1 ಕೋಟಿ ಬರಬೇಕು, ಆಸ್ತಿಯಿಂದ ಸಿಕ್ಕಿದ್ದು 60 ಲಕ್ಷ ಅಂದುಕೊಳ್ಳಿ. 2 ಲಕ್ಷ ಕಳೆದುಕೊಂಡವರಿಗೆ 1 ಲಕ್ಷ 20 ಸಾವಿರ. ಎಲ್ಲರಿಗೂ ಕೊಟ್ಟು ಮಿಕ್ಕಿದರೆ, ಅಥವಾ ಕೇಳುವವರೇ ಇಲ್ಲದಿದ್ದರೆ, ಆಗ ಮಾತ್ರ ಸರಕಾರಕ್ಕೆ ಮುಟ್ಟುಗೋಲು. ರೈತರ ಪಾಲು ಮೊದಲು, ಸರಕಾರದ್ದು ಆಮೇಲೆ. ಹೀಗೇ ಇರಬೇಕಲ್ವಾ?

ಆದರೆ ಒಂದು ಆತಂಕವೂ ಇದೆ. ಶಿಕ್ಷೆ ಆದ ಮೇಲೆಯೇ ಹಂಚಬೇಕು ಅಂತ 107 ಹೇಳುವುದಿಲ್ಲ. ಇ.ಡಿ. (ಜಾರಿ ನಿರ್ದೇಶನಾಲಯ) ಬಳಸುವ 2002ರ ಪಿಎಂಎಲ್‌ಎ, ಅಂದರೆ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ದಾರಿ ಬೇರೆ. ಅಲ್ಲಿ ತಾತ್ಕಾಲಿಕ ಜಪ್ತಿ ಗರಿಷ್ಠ 180 ದಿನ. ಅದನ್ನು ನ್ಯಾಯನಿರ್ಣಯ ಪ್ರಾಧಿಕಾರ ಖಾಯಂ ಮಾಡಿದರೂ, ಸಾಮಾನ್ಯವಾಗಿ ಮುಟ್ಟುಗೋಲು ಆಗುವುದು ವಿಶೇಷ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾದ ಮೇಲೆ. 107ರಡಿ ಹಣ ಹಂಚಿದ ಮೇಲೆ ವ್ಯಾಪಾರಿ ಖುಲಾಸೆಯಾದರೆ ಏನು ಮಾಡಬೇಕು? ಕಲಂನಲ್ಲಿ ಉತ್ತರವಿಲ್ಲ. ವಿಮರ್ಶೆ ಬರೆಯಿರಿ ಅನ್ನುವ ಪ್ರಶ್ನೆ ಬಂದರೆ ಈ ಅಂಶವನ್ನು ಬಿಡಬೇಡಿ.