ಬದ್ರ್‌ನ ಬಾವಿಗಳು

ಮದೀನಾದಿಂದ ನೈಋತ್ಯಕ್ಕೆ ಸುಮಾರು 130 ಕಿ.ಮೀ. ದೂರದ ಬದ್ರ್, ಸಿರಿಯಾ–ಮಕ್ಕಾ ದಾರಿಯ ವ್ಯಾಪಾರಿಗಳು ಒಂಟೆಗಳಿಗೆ ನೀರು ಕುಡಿಸುತ್ತಿದ್ದ ತಾಣ. ಹಿಜರಿ 2ರ ರಂಜಾನ್ 17ರಂದು (ಕ್ರಿ.ಶ. 624, ಮಾರ್ಚ್) ಅಲ್ಲಿ ಮದೀನಾದ ಮುಸ್ಲಿಮರಿಗೂ ಮಕ್ಕಾದ ಕುರೈಶ್ ಬುಡಕಟ್ಟಿನವರಿಗೂ ನಡೆದ ಕದನ ಅರ್ಥವಾಗಬೇಕಾದರೆ ಮೊದಲು ಅಲ್ಲಿನ ಬಾವಿಗಳನ್ನು ನೋಡಬೇಕು.

ಪ್ರವಾದಿ ಮುಹಮ್ಮದರ ಜೊತೆ ಹೊರಟವರು ಮುನ್ನೂರಕ್ಕೆ ತುಸು ಹೆಚ್ಚು. 313 ಎಂಬ ಸಂಖ್ಯೆ ರೂಢಿಯಲ್ಲಿದೆ. ಒಂಟೆ 70, ಕುದುರೆ ಎರಡೇ. ಒಂದೊಂದು ಒಂಟೆಯನ್ನು ಮೂರ್ನಾಲ್ಕು ಮಂದಿ ಸರದಿಯಲ್ಲಿ ಏರುತ್ತಿದ್ದರು, ಪ್ರವಾದಿಯವರಿಗೂ ಸರದಿಯೇ. ಅವರು ಬೆನ್ನಟ್ಟಿದ್ದ, ಕುರೈಶ್ ನಾಯಕ ಅಬೂ ಸುಫ್ಯಾನರ ವ್ಯಾಪಾರ ತಂಡ ಕಡಲ ಬದಿಯ ದಾರಿ ಹಿಡಿದು ಪಾರಾಯಿತು. ಅದರ ರಕ್ಷಣೆಗೆ ಬಂದಿದ್ದ ಸುಮಾರು ಸಾವಿರ ಮಂದಿಯಲ್ಲಿ ಬನೂ ಝುಹ್ರಾ ಕುಲದವರು ಹಿಂದಿರುಗಿದರು. ಉಳಿದ ಕುರೈಶರನ್ನು ಅವರ ಮುಖಂಡ ಅಬೂ ಜಹಲ್‌ನ ಹಟ ಮುಂದಕ್ಕೆ ತಂದಿತು.

ಪ್ರವಾದಿಯವರು ಮೊದಲು ಸಿಕ್ಕ ಬಾವಿಯ ಬಳಿ ಬೀಡುಬಿಟ್ಟಾಗ ಸಂಗಡಿಗ ಹುಬಾಬ್ ಬಿನ್ ಮುಂದಿರ್ ಕೇಳಿದರು: ಈ ಜಾಗ ದೇವಾಜ್ಞೆಯೋ, ಯುದ್ಧತಂತ್ರವೋ? ತಂತ್ರವೆಂದು ಉತ್ತರ ಬಂತು. ಹಾಗಾದರೆ ಶತ್ರುವಿಗೆ ಅತಿ ಹತ್ತಿರದ ಬಾವಿಗೆ ಹೋಗಿ, ಉಳಿದವನ್ನು ಮುಚ್ಚಿ, ತೊಟ್ಟಿ ಕಟ್ಟಿ ನೀರು ತುಂಬಿಸೋಣ ಎಂದರು. ಹಾಗೆಯೇ ಆಯಿತು. ದುಡಿಯುವ ಕುದುರೆಗೆ ದಿನಕ್ಕೆ 30 ಲೀಟರಿನಷ್ಟು ನೀರು ಬೇಕು. ಕುದುರೆಗಳು ಹೆಚ್ಚಿದ್ದುದು ಕುರೈಶರ ಬಳಿ. ಅವರ ಬಲವೇ ಅವರಿಗೆ ಹೊರೆಯಾಯಿತು. ಇಡೀ ಪ್ರಸಂಗದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಹುಬಾಬರ ಆ ಪ್ರಶ್ನೆ. ಆಜ್ಞೆಯಿದ್ದಲ್ಲಿ ವಿಧೇಯತೆ, ಇಲ್ಲದಲ್ಲಿ ಸಮಾಲೋಚನೆ ಎಂಬ ಗೆರೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆ ರಾತ್ರಿ ಮಳೆ ಬಂತು. ಅದು ಪಾದಗಳನ್ನು ಸ್ಥಿರಗೊಳಿಸಿತೆಂದು ಕುರ್‌ಆನ್ (8:11) ಹೇಳುತ್ತದೆ. ಒಣ ಮರಳಿನಲ್ಲಿ ಕಾಲು ಹೂಳುತ್ತದೆ. ತುಸು ನೆನೆದರೆ ಕಣಗಳ ನಡುವೆ ನೀರಿನ ತೆಳು ಬೆಸುಗೆಗಳು ಮೂಡಿ, ಮೇಲ್ಮೈ ಎಳೆತ ಅವನ್ನು ಬಿಗಿಹಿಡಿಯುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆ ಬಿಗಿ ಕಳಚುತ್ತದೆ. ಪ್ರವಾದಿಯವರ ಜೀವನಚರಿತ್ರೆ ಬರೆದ ಇಬ್ನ್ ಇಸ್‌ಹಾಕರ ವೃತ್ತಾಂತದಲ್ಲಿ ಇವೆರಡೂ ಇವೆ: ಮುಸ್ಲಿಮರ ಕಡೆ ನೆಲ ಗಟ್ಟಿಯಾಯಿತು, ಕುರೈಶರ ಕಡೆ ಹೆಜ್ಜೆಯಿಡುವುದೇ ಕಷ್ಟವಾಯಿತು.

ಕುರೈಶರಲ್ಲಿ ಸುಮಾರು 70 ಮಂದಿ ಸತ್ತರು, ಅಬೂ ಜಹಲ್ ಸೇರಿ. ಅಷ್ಟೇ ಮಂದಿ ಸೆರೆಯಾದರು. ಮುಸ್ಲಿಮರಲ್ಲಿ ಮಡಿದವರು 14. ಕುರ್‌ಆನ್ ಈ ದಿನವನ್ನು ‘ಯವ್ಮುಲ್ ಫುರ್ಕಾನ್’, ಸತ್ಯ–ಮಿಥ್ಯಗಳು ಬೇರ್ಪಟ್ಟ ದಿನ, ಎನ್ನುತ್ತದೆ. ಗೆಲುವನ್ನು ಹೋರಾಡಿದವರಿಗಲ್ಲ, ಅಲ್ಲಾಹನಿಗೆ ಸಲ್ಲಿಸುತ್ತದೆ. ನಮ್ಮ ಕರಾವಳಿಯ ಎಷ್ಟೋ ಮಸೀದಿಗಳಿಗೆ ‘ಬದ್ರಿಯಾ’ ಎಂಬ ಹೆಸರಿರುವುದು ಈ ನೆನಪಿನಿಂದಲೇ.

ಸೆರೆಯಾಳುಗಳ ಬಿಡುಗಡೆಗೆ ಹಣ ಪಡೆಯಲಾಯಿತು. ಹಣವಿಲ್ಲದ, ಆದರೆ ಅಕ್ಷರ ಬಲ್ಲವರು ಮದೀನಾದ ತಲಾ ಹತ್ತು ಮಕ್ಕಳಿಗೆ ಬರೆಯಲು ಕಲಿಸಿ ಮನೆಗೆ ಮರಳಿದರು.